ಅಂಗಳದ ಕುರ್ಚಿ, ಬೆಂಚು, ಉಯ್ಯಾಲೆಗೆ ಮನೆಮಂದಿಯೇ ಬಣ್ಣ ಹಚ್ಚುವುದಾದರೆ: ಯಾವುದಕ್ಕೆ ಯಾವುದು?

ಮಲೆನಾಡಿನ ಸಾಗರ ಊರಿನ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಎರಡು ಕಬ್ಬಿಣದ ಕುರ್ಚಿಗಳಿವೆ. ಮಾವಿನ ಮರದ ಬುಡದಲ್ಲಿ ಪೈಪಿನ ಉಯ್ಯಾಲೆ, ಜಗಲಿಯ ತುದಿಗೆ ಅಜ್ಜ ಮಾಡಿಸಿದ ಸಾಗುವಾನಿ ಬೆಂಚು, ತುಳಸಿಕಟ್ಟೆಯ ಪಕ್ಕ ಸಿಮೆಂಟಿನ ಆಸನ. ನಾಲ್ಕು ತಿಂಗಳು ಮಳೆಯಲ್ಲಿ ನೆನೆದು, ಆಮೇಲೆ ಬೇಸಿಗೆಯಲ್ಲಿ ಕಾದು, ಎಲ್ಲದರ ಬಣ್ಣವೂ ಎದ್ದಿತ್ತು. ಹೋದ ಫೆಬ್ರವರಿಯಲ್ಲಿ ಮೂರು ತಲೆಮಾರಿನವರೂ ಸೇರಿ ನಾಲ್ಕು ದಿನ ಕೂತು ಅಷ್ಟಕ್ಕೂ ಬಣ್ಣ ಹಚ್ಚಿದೆವು. ಆಗ ಕಲಿತದ್ದನ್ನೂ ಹಿಂದಿನ ತಪ್ಪುಗಳಿಂದ ಗೊತ್ತಾದದ್ದನ್ನೂ ಇಲ್ಲಿ ಬರೆದಿದ್ದೇನೆ.

ಬಣ್ಣದ ಅಂಗಡಿಯಲ್ಲಿ ಮೊದಲು ಕೇಳುವುದು "ಯಾವ ಕಲರ್ ಬೇಕು?" ಎಂದು. ಆಮೇಲೆ "ಎಷ್ಟು ವರ್ಷ ಬರಬೇಕು?" ಎಂದು. ಬಯಲಿನಲ್ಲಿ ನಿಲ್ಲುವ ವಸ್ತುವಿಗೆ ಈ ಎರಡನೇ ಪ್ರಶ್ನೆ ದಾರಿ ತಪ್ಪಿಸುತ್ತದೆ ಎಂದು ನನಗೆ ಈಗ ಖಚಿತವಾಗಿದೆ. ಹೊರಗಿಟ್ಟ ಯಾವ ಬಣ್ಣವೂ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ. ಹೋದಾಗ ಅದನ್ನು ನಾವೇ ಸರಿಮಾಡಿಕೊಳ್ಳಬಹುದೇ, ಇಲ್ಲ ಪೂರ್ತಿ ಕೆರೆದು ಮೊದಲಿಂದ ಶುರುಮಾಡಬೇಕೇ? ನಾನು ಮುಂದೆ ಒಂದೊಂದನ್ನೂ ತೂಗಿ ನೋಡಿರುವುದು ಈ ಒಂದು ಪ್ರಶ್ನೆಯಿಂದಲೇ.

ಕೆರೆಯುವ ಮೊದಲು, ಹಳೇ ಬಣ್ಣ ಯಾವ ಕಾಲದ್ದು ನೋಡಿ

ಮಗಳಿಗೆ ಒಂಬತ್ತು ವರ್ಷ. ಕೆಲಸ ಶುರುವಾಗುವ ಮೊದಲೇ ಕುರ್ಚಿಯ ಕೈ ಮೇಲೆ ಎದ್ದಿದ್ದ ಬಣ್ಣದ ಹಕ್ಕಳೆಯೊಂದನ್ನು ಉಗುರಿನಿಂದ ಕಿತ್ತು ಅಂಗೈ ಮೇಲಿಟ್ಟುಕೊಂಡು ತಂದಳು. ಅದರ ಅಂಚಿನಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು: ಮೇಲೆ ಕಂದು, ಅದರಡಿ ನೀಲಿ, ಅದರಡಿ ಗಾಢ ಹಸಿರು, ತೀರ ಕೆಳಗೆ ಕೇಸರಿಗೆ ತಿರುಗಿದ ಕೆಂಪು. ಅವಳಿಗೆ ಅದು ಚಂದದ ವಸ್ತು. ನಾನು ಕೂಡಲೇ ಅವಳ ಕೈಯನ್ನು ಸೋಪು ಹಾಕಿ ತೊಳೆಸಿದೆ.

ಕಾರಣ ಸೀಸ. ಹಿಂದಿನ ಎನಾಮೆಲ್ ಬಣ್ಣಗಳಲ್ಲಿ ಹಳದಿ, ಕೇಸರಿ, ಹಸಿರು ಬರಲು ಸೀಸದ ಕ್ರೋಮೇಟ್ ಬಳಸುತ್ತಿದ್ದರು. ಕಬ್ಬಿಣಕ್ಕೆ ಮೊದಲ ಕೋಟಾಗಿ ಹಚ್ಚುತ್ತಿದ್ದ ಕೇಸರಿ ಬಣ್ಣದ ಸಿಂಧೂರವಂತೂ ಸೀಸದ ಆಕ್ಸೈಡೇ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ತಯಾರಿಕೆಗೆ ಅದು ಅನ್ವಯವಾಗಿದ್ದು 2017ರ ನವೆಂಬರ್‌ನಿಂದ. ಹಾಗಾಗಿ ಅದಕ್ಕೂ ಹಿಂದಿನ ಬಣ್ಣವಿರುವ ವಸ್ತುವಿನಲ್ಲಿ ಸೀಸ ಇದೆ ಎಂದುಕೊಂಡೇ ಮುಂದುವರಿಯಿರಿ. ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು. ಬಸುರಿಯರೂ ಹತ್ತಿರ ಬರಬಾರದು.

ಇಲ್ಲಿ ನಿಮ್ಮ ಮುಂದೆ ಎರಡು ದಾರಿ. ಹಳೇ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ. ವಾಟರ್ ಪೇಪರನ್ನು (ಒದ್ದೆಯಲ್ಲಿ ಉಜ್ಜುವ ಮರಳು ಕಾಗದ) ನೀರಲ್ಲಿ ಅದ್ದಿ ಹೊಳಪು ಮುರಿಯುವಷ್ಟು ಮಾತ್ರ ಉಜ್ಜಿ, ಅದರ ಮೇಲೆಯೇ ಹೊಸ ಕೋಟು ಕೊಡಿ. ಸೀಸ ಒಳಗೇ ಮುಚ್ಚಿಹೋಗುತ್ತದೆ. ಎದ್ದುಬರುತ್ತಿದ್ದರೆ ಕೆರೆಯಲೇಬೇಕು. ಆ ದಿನ ಮಕ್ಕಳನ್ನು ನೆಂಟರ ಮನೆಗೆ ಕಳಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಎನ್-95 ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸುತ್ತ ಒದ್ದೆಯಲ್ಲೇ ಕೆರೆಯಿರಿ. ಗ್ರೈಂಡರ್ ಹಿಡಿದು ಒಣ ಧೂಳು ಎಬ್ಬಿಸುವುದು, ಬೆಂಕಿ ಹಿಡಿದು ಬಣ್ಣ ಸುಡುವುದು ಎರಡೂ ಬೇಡ. ತರಕಾರಿ ಪಾತಿ, ಬಾವಿಕಟ್ಟೆ, ಕೊಟ್ಟಿಗೆಯಿಂದ ದೂರ ಕೂರಿ. ಹಕ್ಕಳೆಗಳನ್ನು ಹಾಳೆ ಸಮೇತ ಸುತ್ತಿ ಕಟ್ಟಿ, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ನಾವು ಕುರ್ಚಿಗಳಿಗೆ ಈ ಎರಡನೇ ದಾರಿ ಹಿಡಿದೆವು, ಒಂದಿಡೀ ದಿನ ಅದಕ್ಕೇ ಹೋಯಿತು.

ಕಬ್ಬಿಣಕ್ಕೆ: ಆಯಿಲ್ ಎನಾಮೆಲ್ಲೋ, ವಾಟರ್ ಎನಾಮೆಲ್ಲೋ?

ಅಂಗಡಿಯಲ್ಲಿ ಬರೀ "ಎನಾಮೆಲ್" ಎಂದರೆ ಕೊಡುವುದು ಸಿಂಥೆಟಿಕ್ ಎನಾಮೆಲ್, ಅಂದರೆ ಟರ್ಪೆಂಟೈನ್ ಬೆರೆಸಿ ಹಚ್ಚುವ ಎಣ್ಣೆ ಬಣ್ಣ. ಅಗ್ಗ, ಯಾವ ಊರಲ್ಲೂ ಸಿಗುತ್ತದೆ, 50 ಮಿಲಿಯ ಪುಟ್ಟ ಡಬ್ಬಿಯಿಂದ ಹಿಡಿದು ನಾಲ್ಕು ಲೀಟರಿನವರೆಗೆ ಬರುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಕೋಟು) ಮೇಲೆ ತೆಳುವಾಗಿ ಎರಡು ಕೋಟು ಕೊಟ್ಟರೆ ಗಟ್ಟಿ ಪೊರೆಯಾಗಿ ಕೂರುತ್ತದೆ. ಈ ರೆಡ್ ಆಕ್ಸೈಡ್ ಎಂಬುದು ಕಬ್ಬಿಣದ ಆಕ್ಸೈಡು, ಮೇಲೆ ಹೇಳಿದ ಸಿಂಧೂರವಲ್ಲ. ಎಲ್ಲಾದರೂ ಬಡಿದು ಚಕ್ಕೆ ಎದ್ದರೆ ಅಷ್ಟು ಜಾಗ ಉಜ್ಜಿ, ಸಣ್ಣ ಡಬ್ಬಿ ತಂದು ತೇಪೆ ಹಚ್ಚಿಬಿಡಬಹುದು. ಆಯಿಲ್ ಎನಾಮೆಲ್ಲಿನ ದೊಡ್ಡ ಗುಣ ಅದೇ.

ಅದರ ಕೆಟ್ಟ ಗುಣ ವಾಸನೆ. ಎರಡು ದಿನ ಅಂಗಳವೆಲ್ಲ ಘಮ್ಮೆನ್ನುತ್ತದೆ, ಉಬ್ಬಸ ಇರುವವರಿಗೆ ಆಗಿಬರುವುದಿಲ್ಲ. ಒಂದು ಕೋಟು ಒಣಗಿ ಇನ್ನೊಂದು ಹಚ್ಚಲು ರಾತ್ರಿಯಿಡೀ ಕಾಯಬೇಕು. ಬೇಗ ಮುಗಿಯಲೆಂದು ದಪ್ಪಗೆ ಬಳಿದರೆ ಮೇಲ್ಪದರ ಒಣಗಿ ಒಳಗೆ ಹಸಿ ಉಳಿದು ಸುಕ್ಕು ಬೀಳುತ್ತದೆ. ಟರ್ಪೆಂಟೈನ್ ಬದಲು ಸೀಮೆಎಣ್ಣೆ ಹಾಕುವ ಚಾಳಿ ನಮ್ಮ ಕಡೆ ಇತ್ತು. ಹಾಗೆ ಮಾಡಿದರೆ ಒಣಗುವುದು ತಡ, ಹೊಳಪೂ ಹೋಗುತ್ತದೆ.

ವಾಟರ್ ಬೇಸ್ಡ್ ಎನಾಮೆಲ್ ಎಂಬುದು ಅಕ್ರಿಲಿಕ್. ವಾಸನೆ ಕಡಿಮೆ, ಬ್ರಷ್ಷನ್ನು ನೀರಲ್ಲೇ ತೊಳೆಯಬಹುದು, ಬೆಳಿಗ್ಗೆ ಒಂದು ಕೋಟು ಸಂಜೆ ಒಂದು ಕೋಟು ಮುಗಿಸಬಹುದು. ಬಿಸಿಲಿಗೆ ಹೊಳಪು ಕಳೆದುಕೊಳ್ಳುವುದು ನಿಧಾನ, ಬಿಳಿ ಬಣ್ಣ ಹಳದಿಗಟ್ಟುವುದಿಲ್ಲ. ಬೆಲೆ ಎಣ್ಣೆ ಬಣ್ಣಕ್ಕಿಂತ ಹೆಚ್ಚು. ಇದರಲ್ಲಿ ಎಚ್ಚರ ವಹಿಸಬೇಕಾದ್ದು ಎರಡು ವಿಷಯಕ್ಕೆ. ಬರಿ ಕಬ್ಬಿಣದ ಮೇಲೆ ನೇರವಾಗಿ ಹಚ್ಚಿದರೆ ಅದರಲ್ಲಿರುವ ನೀರೇ ತುಕ್ಕು ಎಬ್ಬಿಸುತ್ತದೆ, ಪ್ರೈಮರ್ ಬೇಕೇ ಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಪೊರೆ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಕೂತರೆ ಬಟ್ಟೆಯ ನೇಯ್ಗೆಯ ಗುರುತು ಕುರ್ಚಿಗೆ ಬೀಳುತ್ತದೆ.

ಮಕ್ಕಳ ಕೈಗೆ ಬ್ರಷ್ ಕೊಡುವುದಾದರೆ ನನ್ನ ಆಯ್ಕೆ ವಾಟರ್ ಎನಾಮೆಲ್, ಅದರಲ್ಲಿ ಎರಡು ಮಾತಿಲ್ಲ. ದೊಡ್ಡವರೇ ಮಾಡುವುದು, ವಸ್ತು ಬಟಾಬಯಲಲ್ಲಿ ಮಳೆಗೆ ನಿಲ್ಲುವುದು, ಹಳ್ಳಿಯ ಅಂಗಡಿಯಲ್ಲಿ ಸಿಗುವುದರಲ್ಲೇ ಆಗಬೇಕು ಎಂದಾದರೆ ಆಯಿಲ್ ಎನಾಮೆಲ್. ನಾವು ಕುರ್ಚಿಗಳಿಗೆ ಎರಡನ್ನೂ ಸೇರಿಸಿದೆವು: ರೆಡ್ ಆಕ್ಸೈಡನ್ನು ನಾನು ಹಚ್ಚಿ ಎರಡು ದಿನ ಚೆನ್ನಾಗಿ ಒಣಗಲು ಬಿಟ್ಟು, ತೆಳುವಾಗಿ ಉಜ್ಜಿ, ಮೇಲಿನ ವಾಟರ್ ಎನಾಮೆಲ್ಲನ್ನು ಮಗಳಿಗೂ ಅವಳಜ್ಜನಿಗೂ ಬಿಟ್ಟೆ. ಲೀಟರಿಗೆ ಸುಮಾರು ನೂರು ಚದರಡಿ ಒಂದು ಕೋಟು ಬರುತ್ತದೆ ಎಂಬ ಅಂದಾಜಿನಲ್ಲಿ ಅರ್ಧ ಲೀಟರ್ ತಂದಿದ್ದೆವು, ಎರಡು ಕುರ್ಚಿಗೆ ಎರಡೆರಡು ಕೋಟು ಆಗಿ ಚೂರು ಉಳಿಯಿತು.

ತುಕ್ಕಿನ ಬಗ್ಗೆ ಒಂದು ಮಾತು. ತಂತಿ ಬ್ರಷ್ಷಿನಿಂದ ಉದುರುವಷ್ಟನ್ನು ಉದುರಿಸಿ, 80ನೇ ನಂಬರಿನ ಎಮೆರಿ ಕಾಗದದಿಂದ ಶುರುಮಾಡಿ 220ಕ್ಕೆ ಮುಗಿಸಿ, ಒರೆಸಿ, ಅದೇ ದಿನ ಪ್ರೈಮರ್ ಹಚ್ಚಬೇಕು. ರಾತ್ರಿ ಬಿಟ್ಟರೆ ಇಬ್ಬನಿಗೆ ಮತ್ತೆ ಕೆಂಪಾಗುತ್ತದೆ. ಕೈ ಹೋಗದ ಸಂದಿಗೆ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಸಿಗುತ್ತದೆ, ಹಚ್ಚಿದರೆ ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಅದರಲ್ಲಿ ಹಲವುದರ ಕೆಲಸ ತೊಗಟೆ, ಕಾಯಿಗಳಲ್ಲಿರುವ ಒಗರಿನ ಅಂಶವಾದ ಟ್ಯಾನಿನ್‌ನಿಂದ. ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ಅಲ್ಲಿ ಆಗುವುದೂ ಇದೇ: ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿ ಕಪ್ಪಾಗುವುದು. ಆದರೆ ಕಾಲಿನ ಪೈಪು ಒಳಗಿಂದಲೇ ತಿಂದುಹೋಗಿದ್ದರೆ ಯಾವ ದ್ರಾವಣವೂ ಪ್ರಯೋಜನವಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಠಣ್ ಎನ್ನಬೇಕು, ಡಬ್ಬ ಎಂದರೆ ಮೊದಲು ವೆಲ್ಡಿಂಗ್‌ನವರ ಹತ್ತಿರ ಒಯ್ಯಿರಿ. ಕಾಲಿನ ತುದಿಯ ರಬ್ಬರ್ ಬುಷ್‌ಗಳನ್ನು ತಪ್ಪದೆ ಬಿಚ್ಚಿ. ನಮ್ಮ ಕುರ್ಚಿಯ ಒಂದು ಬುಷ್ಷಿನಿಂದ ಕಾಫಿ ಬಣ್ಣದ ನೀರು ಅರ್ಧ ಲೋಟದಷ್ಟು ಸುರಿಯಿತು, ಫೆಬ್ರವರಿಯಲ್ಲೂ! ಅಲ್ಲೊಂದು ಸಣ್ಣ ತೂತು ಕೊರೆದು ನೀರು ಇಳಿಯುವಂತೆ ಮಾಡಿದೆವು.

ಉಯ್ಯಾಲೆಯ ಪಾಠ

ಉಯ್ಯಾಲೆಗೆ ನಾಲ್ಕು ವರ್ಷದ ಹಿಂದೆ ನಾನೇ ಒಳ್ಳೆ ಆಯಿಲ್ ಎನಾಮೆಲ್ ಹಚ್ಚಿದ್ದೆ. ಮರುವರ್ಷವೇ ಬಾಳೆದಿಂಡಿನ ಪಟ್ಟೆ ಬಿಡಿಸಿದ ಹಾಗೆ ಉದ್ದುದ್ದ ಹಾಳೆಯಾಗಿ ಎದ್ದುಬಂತು. ಬಣ್ಣದ ದೋಷವಲ್ಲ, ಅದು ಜಿಐ ಪೈಪು. ಅದರ ಮೈಮೇಲಿನ ಸತುವಿನ ಲೇಪ ಎಣ್ಣೆ ಬಣ್ಣದೊಂದಿಗೆ ಸೇರಿ ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ, ಹಿಡಿತ ತಪ್ಪುತ್ತದೆ. ಜಿಐ ಪೈಪಿಗೆ, ಅಲ್ಯೂಮಿನಿಯಮ್ಮಿಗೆ ಎಚ್ (etch) ಪ್ರೈಮರ್ ಎಂಬುದೇ ಬೇರೆ ಇದೆ. ಅದನ್ನು ಹಚ್ಚಿ, ಮೇಲೆ ಅಕ್ರಿಲಿಕ್ ಬಣ್ಣ ಕೊಡಿ. ಪೈಪು ಯಾವುದೆಂದು ತಿಳಿಯದಿದ್ದರೆ ಒಂದು ಕಡೆ ಕೆರೆದು ನೋಡಿ: ತುಕ್ಕಿಲ್ಲದೆ ಬೂದು ಬಣ್ಣದ ಲೋಹ ಕಂಡರೆ ಸತು ಇದೆ ಎಂದರ್ಥ. ಬಣ್ಣಕ್ಕೆ ಬಿಚ್ಚಿದಾಗಲೇ ಕೊಕ್ಕೆ ಮತ್ತು ಸರಪಳಿಯ ಬಳೆಗಳು ಎಷ್ಟು ಸವೆದಿವೆ ನೋಡಿಬಿಡಿ. ನಮ್ಮದರ ಒಂದು ಬಳೆ ಅರ್ಧಕ್ಕರ್ಧ ಸವೆದಿತ್ತು.

ಸ್ಪ್ರೇ ಡಬ್ಬಿ, ಪೌಡರ್ ಕೋಟಿಂಗ್

ಸ್ಪ್ರೇ ಡಬ್ಬಿ ಜಾಲರಿ ಕುರ್ಚಿಗೆ, ಹೂಬಳ್ಳಿಯ ಕುಸುರಿ ಇರುವ ಬೀಡಿನ (ಎರಕದ ಕಬ್ಬಿಣದ) ಬೆಂಚಿಗೆ ಸರಿ. ಬ್ರಷ್ ಹೋಗದ ಜಾಗಕ್ಕೆ ಹೋಗುತ್ತದೆ. ಪೊರೆ ತೀರ ತೆಳು, ಒಂದು ಡಬ್ಬಿ ಒಂದು ಕುರ್ಚಿಗೇ ಮುಗಿಯುತ್ತದೆ, ಗಾಳಿ ಬೀಸಿದರೆ ಪಕ್ಕದ ಮಲ್ಲಿಗೆ ಗಿಡಕ್ಕೂ ಬಣ್ಣ. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

ಪೌಡರ್ ಕೋಟಿಂಗ್ ಮನೆಯಲ್ಲಿ ಆಗುವುದಲ್ಲ. ಕಾರ್ಖಾನೆಯವರು ಹಳೇ ಬಣ್ಣವನ್ನು ಪೂರ್ತಿ ತೆಗೆದು, ಪುಡಿ ಎರಚಿ, ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸಿ ಕೊಡುತ್ತಾರೆ. ನೋಡಲು ಹೊಸದೇ. ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೆರೆಯಲು ಜಾಗವಿಲ್ಲ, ಪಕ್ಕದ ಮನೆಯವರಿಗೆ ವಾಸನೆಯ ತೊಂದರೆ, ಅಂಥವರಿಗೆ ನಾನು ಇದನ್ನೇ ಹೇಳುತ್ತೇನೆ. ಮಳೆಯ ಅಂಗಳಕ್ಕೆ ಹೇಳುವುದಿಲ್ಲ. ಒಂದು ಕಡೆ ಚಕ್ಕೆ ಎದ್ದರೆ ತುಕ್ಕು ಆ ಪೊರೆಯ ಅಡಿಯಲ್ಲೇ ಹರಿದು ಹೋಗುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ಕಂಡಾಗ ಮತ್ತೆ ಲಾರಿ ಹತ್ತಿಸಬೇಕು. ಮರದ ಪಟ್ಟಿ, ಬೆತ್ತದ ನೇಯ್ಗೆ ಇರುವ ವಸ್ತುವಾದರೆ ಅವನ್ನು ಮೊದಲು ಬಿಚ್ಚಬೇಕು.

ಮರಕ್ಕೆ: ವಾರ್ನಿಶ್, ಎಣ್ಣೆ, ಬಣ್ಣ, ಇಲ್ಲವೇ ಏನೂ ಬೇಡ

ಬೆಂಚಿನ ವಿಷಯದಲ್ಲಿ ಮನೆಯಲ್ಲಿ ನಿಜವಾಗಿ ಚರ್ಚೆಯಾಯಿತು. ಅಪ್ಪಯ್ಯನಿಗೆ ವಾರ್ನಿಶ್ಶಿನ ಹೊಳಪು ಬೇಕು. ಆಯಿಗೆ, "ಆ ಹೊಳಪು ಎಷ್ಟು ದಿನ? ಹೋದ ಸಲದ್ದು ನೋಡಿ, ಬೆಳ್ಳಗೆ ತೊನ್ನು ಹತ್ತಿದ ಹಾಗೆ ಆಗಿದೆ." ಇಬ್ಬರ ಮಾತಲ್ಲೂ ಹುರುಳಿತ್ತು.

ಬಿಸಿಲಿನ ನೇರಳಾತೀತ ಕಿರಣ ಪಾರದರ್ಶಕ ವಾರ್ನಿಶ್ಶನ್ನು ದಾಟಿ ಮರದ ಮೇಲ್ಮೈಯನ್ನೇ ಕೆಡಿಸುತ್ತದೆ. ವಾರ್ನಿಶ್ ಹಿಡಿದುಕೊಂಡಿದ್ದ ಮರದ ನಾರೇ ಸಡಿಲಾದಾಗ ಪೊರೆ ಎದ್ದುಬರುತ್ತದೆ, ಬಿರುಕಿನಲ್ಲಿ ನೀರು ಇಳಿದು ಕಪ್ಪು ಬಿಳಿ ಕಲೆ ಮೂಡುತ್ತದೆ. ಆಮೇಲೆ ಅದರ ಮೇಲೆ ಇನ್ನೊಂದು ಕೋಟು ಕೊಟ್ಟರೆ ಕಲೆ ಒಳಗೇ ಉಳಿಯುತ್ತದೆ, ಪೂರ್ತಿ ಕೆರೆಯುವುದೇ ಗತಿ. ಯುವಿ (ನೇರಳಾತೀತ ಕಿರಣ) ತಡೆ ಇರುವ ಹೊರಾಂಗಣದ ಪಿಯು (ಪಾಲಿಯುರೆಥೇನ್) ವಾರ್ನಿಶ್ ಹೆಚ್ಚು ಕಾಲ ತಾಳುತ್ತದೆ, ಹೋಗುವ ರೀತಿ ಮಾತ್ರ ಅದೇ. ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಿಯುವನ್ನು ಮನೆಮಂದಿಯ ಕೆಲಸಕ್ಕೆ ತರಲೇಬೇಡಿ. ಅದರಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕ ಉಬ್ಬಸ ತರಿಸುವಂಥದ್ದು, ತಕ್ಕ ಮುಖಕವಚ ಇರುವ ಕಸುಬಿನವರಿಗೆ ಬಿಡಿ.

ಎಣ್ಣೆ ಪೊರೆ ಕಟ್ಟುವುದಿಲ್ಲ, ಮರದೊಳಗೆ ಇಳಿಯುತ್ತದೆ. ಪೊರೆಯೇ ಇಲ್ಲದ ಮೇಲೆ ಏಳುವುದೇನು? ವರ್ಷಕ್ಕೊಮ್ಮೆ ಮಳೆಗೆ ಮುಂಚೆ ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಒಂದು ಕೈ ಉಜ್ಜಿದರೆ ಮುಗಿಯಿತು, ಅರ್ಧ ದಿನದ ಕೆಲಸ. ಬರೀ ಅಗಸೆ ಎಣ್ಣೆ ಮಲೆನಾಡಿಗೂ ಕರಾವಳಿಗೂ ಒಗ್ಗುವುದಿಲ್ಲ, ಬೂಷ್ಟಿಗೆ ಅದೇ ಆಹಾರವಾಗಿ ಮರ ಕಪ್ಪಿಡುತ್ತದೆ. ಬೂಷ್ಟು ತಡೆಯುವ ಮದ್ದು ಸೇರಿರುವ ಹೊರಾಂಗಣದ ವುಡ್ ಆಯಿಲ್ ಕೇಳಿ ತನ್ನಿ. ಬಯಲುಸೀಮೆಯ ಒಣ ಹವೆಯಲ್ಲಿ ಅಗಸೆ ಎಣ್ಣೆ ನಡೆಯುತ್ತದೆ. ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿಯೇಳುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಬಿಡಿಸಿ ಹರವಿ ಒಣಗಿಸಿ. ಹುಲ್ಲಿನ ಮೆದೆ, ಸೌದೆಕೊಟ್ಟಿಗೆ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕರಾವಳಿಯಲ್ಲಿ ದೋಣಿಗೆ, ಮಾಡಿನ ಪಕಾಸಿಗೆ ಹಚ್ಚುವುದುಂಟು. ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಆದರೆ ಅದು ಚರ್ಮ ಸುಡುವ ಎಣ್ಣೆ, ಕಪ್ಪು ಬಣ್ಣ ಬೇರೆ. ಕೂರುವ ಬೆಂಚಿಗೆ ಬೇಡ. ಗಾಡಿಯ ಸುಟ್ಟ ಆಯಿಲ್ಲೂ ಬೇಡ, ಬಟ್ಟೆಗೆ ಹತ್ತುತ್ತದೆ, ಮೈಗೂ ಒಳ್ಳೆಯದಲ್ಲ.

ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಒಳಮನೆಯ ರಾಜ. ಚನ್ನಪಟ್ಟಣದ ಗೊಂಬೆಗೆ ಮೆರುಗು ಬರುವುದೂ ಅರಗಿನಿಂದಲೇ. ಮತದಾನದ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು, ಅರಗಿನ ಹೆಸರಿನಲ್ಲೇ. ಆದರೆ ಅಂಥ ಅರಗೂ ನೀರು ಬಿದ್ದರೆ ಬೆಳ್ಳಗಾಗುತ್ತದೆ. ಅಂಗಳಕ್ಕೆ ತರಬೇಡಿ.

ಬಣ್ಣ, ಅಂದರೆ ಮರ ಕಾಣದಂತೆ ಮುಚ್ಚುವ ಎನಾಮೆಲ್, ಬಿಸಿಲನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ, ಏಕೆಂದರೆ ಅದರಲ್ಲಿರುವ ಬಣ್ಣದ ಪುಡಿ ಕಿರಣವನ್ನು ಒಳಗೇ ಬಿಡುವುದಿಲ್ಲ. ಕಾಡುಮರದ, ಹಲಗೆ ಜೋಡಿಸಿದ, ತೇಪೆ ಬಿದ್ದ ಬೆಂಚಿಗೆ ಇದೇ ಸರಿ. ವುಡ್ ಪ್ರೈಮರ್ ಹಚ್ಚಿ, ಹಲಗೆಯ ಕೊಯ್ದ ತುದಿಗಳಿಗೆ ಎರಡು ಕೋಟು ಹೆಚ್ಚು ಕೊಡಿ, ನೀರು ಕುಡಿಯುವುದು ಅಲ್ಲಿಂದಲೇ.

ಏನೂ ಹಚ್ಚದಿರುವುದೂ ಒಂದು ಆಯ್ಕೆ. ಸಾಗುವಾನಿಯ ಚೇಗು ತನ್ನ ಎಣ್ಣೆಯಿಂದಲೇ ಮಳೆ ಬಿಸಿಲು ತಾಳುತ್ತದೆ, ಬೂದು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ ಅಷ್ಟೆ. ಹೊರಸುತ್ತಿನ ಬಿಳಿ ಭಾಗ ಇದ್ದರೆ ಅದನ್ನು ಗೆದ್ದಲು ಬಿಡುವುದಿಲ್ಲ. ನಮ್ಮ ಬೆಂಚು ಅಪ್ಪಟ ಚೇಗು. ಎರಡು ದಿನ ಹಳೇ ವಾರ್ನಿಶ್ ಕೆರೆದು, ವುಡ್ ಆಯಿಲ್ ಉಜ್ಜಿದೆವು. ಮೊದಲ ಕೈ ಎಳೆದ ಕೂಡಲೇ ಮರದ ಎಳೆಗಳು ಜೇನಿನ ಬಣ್ಣಕ್ಕೆ ಎದ್ದು ಕಂಡವು. ಅಪ್ಪಯ್ಯ ಬಗ್ಗಿ ಅಂಗೈಯಲ್ಲಿ ಸವರಿ, "ಇದು ನನ್ನಪ್ಪ ತಂದಾಗ ಹೀಗೇ ಇತ್ತು" ಎಂದರು. ವಾರ್ನಿಶ್ಶಿನ ಮಾತು ಆಮೇಲೆ ಬರಲಿಲ್ಲ.

ಉಳಿದವು

ಸಿಮೆಂಟಿನ ಆಸನಕ್ಕೆ ಎನಾಮೆಲ್ ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಬೊಬ್ಬೆ ಏಳುತ್ತದೆ. ಹಾವಸೆಯನ್ನು ಉಜ್ಜಿ ತೊಳೆದು ಹೊರಗೋಡೆಯ ಎಮಲ್ಷನ್ ಹಚ್ಚಿ, ಇಲ್ಲವೇ ಸುಣ್ಣ. ಮಕ್ಕಳಿಗೆ ಬಿಟ್ಟುಕೊಡಲು ಇದಕ್ಕಿಂತ ಒಳ್ಳೆ ಕೆಲಸವಿಲ್ಲ.

ಪ್ಲಾಸ್ಟಿಕ್ ಕುರ್ಚಿಗೆ ಬಣ್ಣ ಹಿಡಿಯುವುದಿಲ್ಲ, ಅದಕ್ಕೆಂದೇ ಇರುವ ಪ್ರೈಮರ್ ಬೇಕು. ಬಿಸಿಲಿಗೆ ಸುಣ್ಣದಂತೆ ಪುಡಿ ಏಳುತ್ತಿದ್ದರೆ ಕಾಲು ಮುರಿಯುವ ಹಂತಕ್ಕೆ ಬಂದಿದೆ ಎಂದು ತಿಳಿದು ಗುಜರಿಗೆ ಹಾಕಿ. ಬೆತ್ತ, ಬಿದಿರು ಮಳೆಗೆ ಇಡುವ ವಸ್ತುಗಳೇ ಅಲ್ಲ. ಜಗಲಿಯ ಒಳಗಿದ್ದರೆ ಹುಳದ ತೂತು ನೋಡಿ, ತೆಳು ವಾರ್ನಿಶ್ ಸಾಕು.

ಯಾವಾಗ, ಯಾರು

ದಸರೆಗೆ ಮುಂಚೆ ಬಣ್ಣ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ. ಮಲೆನಾಡಿನಲ್ಲಿ ಆಗ ಮರ ಇನ್ನೂ ಒದ್ದೆ, ದಕ್ಷಿಣ ಒಳನಾಡಿನಲ್ಲಿ ಹಿಂಗಾರು ಬಾಕಿ. ಜನವರಿಯಿಂದ ಮಾರ್ಚ್ ನಡುವೆ ಹಿಡಿಯಿರಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಅಂದರೆ ಒಂಬತ್ತೂವರೆ ಹತ್ತರ ಹೊತ್ತಿಗೆ ಶುರುಮಾಡಿ, ನೆರಳಲ್ಲಿ ಹಚ್ಚಿ, ಮೂರೂವರೆಗೆ ನಿಲ್ಲಿಸಿ. ಕಾದ ಕಬ್ಬಿಣಕ್ಕೆ ಹಚ್ಚಿದರೆ ಬ್ರಷ್ಷಿನ ಗೆರೆ ಉಳಿಯುತ್ತದೆ. ಗಾಢ ಬಣ್ಣ ಬಿಸಿಲಲ್ಲಿ ಕೂರಲಾಗದಷ್ಟು ಕಾಯುತ್ತದೆ, ತೀರ ಬಿಳಿಯಲ್ಲಿ ಹಾವಸೆ ಎದ್ದು ಕಾಣುತ್ತದೆ. ನಾವು ಆಯಿಯ ಮಾತಿನಂತೆ ವೀಳ್ಯದೆಲೆ ಹಸಿರಿಗೆ ಬಂದೆವು.

ಕೆರೆಯುವುದು, ಟರ್ಪೆಂಟೈನ್, ಕನ್ವರ್ಟರ್ ದೊಡ್ಡವರ ಪಾಲು. ಸೋಪು ನೀರಲ್ಲಿ ತೊಳೆಯುವುದು, ಒರೆಸುವುದು, ಟೇಪು ಅಂಟಿಸುವುದು, ವಾಟರ್ ಬಣ್ಣ ಹಚ್ಚುವುದು ಮಕ್ಕಳ ಪಾಲು. ಅವರಿಗೆ ಒಂದಿಂಚಿನ ಬ್ರಷ್ ಕೊಡಿ. ನೀರಿನ ಬಣ್ಣಕ್ಕೆ ನೈಲಾನ್ ಕೂದಲಿನದ್ದೇ ಆಗಬೇಕು, ಪ್ರಾಣಿಯ ಕೂದಲಿನ ಬ್ರಷ್ ನೀರು ಕುಡಿದು ಮೆತ್ತಗಾಗುತ್ತದೆ. ಕೆಳಮುಖ ಮಾಡಿಟ್ಟ ಕುರ್ಚಿಯ ಅಡಿಯಿಂದಲೇ ಶುರುಮಾಡಿಸಿ. ಕೈ ಕುದುರುವಷ್ಟರಲ್ಲಿ ಮೇಲ್ಭಾಗ ಬರುತ್ತದೆ, ತುಕ್ಕು ಹಿಡಿಯುವ ಅಡಿಭಾಗಕ್ಕೆ ಬಣ್ಣ ತಪ್ಪುವುದೂ ಇಲ್ಲ. ಬ್ರಷ್ ತೊಳೆದ ಟರ್ಪೆಂಟೈನನ್ನು ಹಳ್ಳಕ್ಕಾಗಲಿ ಬಚ್ಚಲಿಗಾಗಲಿ ಚೆಲ್ಲಬೇಡಿ. ಬಾಟಲಿಯಲ್ಲಿ ನಿಲ್ಲಿಸಿದರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ.

ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ತುಂಬಿ ತೇಪೆಗೆಂದು ಎತ್ತಿಟ್ಟಿದ್ದೇವೆ. ಡಬ್ಬಿ ಎಸೆಯುವ ಮೊದಲು ಮಗಳು ಅದರ ಮೇಲಿನ ಶೇಡ್ ನಂಬರನ್ನೂ, ತಿಂಗಳು ವರ್ಷವನ್ನೂ, "ಅಡಿಗೆ ರೆಡ್ ಆಕ್ಸೈಡ್, ಮೇಲೆ ವಾಟರ್ ಎನಾಮೆಲ್, ಹಳೇ ಹಸಿರಿನಲ್ಲಿ ಸೀಸ ಇರಬಹುದು" ಎಂಬುದನ್ನೂ ಎರಡೂ ಕುರ್ಚಿಗಳ ಅಡಿಯಲ್ಲಿ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಳು. ಬೆಂಚಿನ ಅಡಿಗೆ "ವುಡ್ ಆಯಿಲ್, ಪ್ರತಿ ವರ್ಷ ಮೇ" ಎಂದು.